ದೋಣಿ ಉಟ್ಟ ದಾವಣಿ

ನಾನು ಚಿಕ್ಕವಳಿದ್ದ ಆ ದಿನಗಳಲ್ಲಿ ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ, ಮಲವಗೊಪ್ಪದ ಕಡೆ, ಹಾಯಿದೋಣಿಗಳು ಓಡಾಡುವ ಒಂದು ಸಣ್ಣ ಕೆರೆ ಇತ್ತು. ಹಾಯಿದೋಣಿ ಸಮುದ್ರದಲ್ಲಿ ತಾನೇ ಇರುವುದು ಎಂದು ಮೊಮ್ಮಕ್ಕಳಾದ ನೀವು ಕೇಳುತ್ತೀರಿ. ನಮ್ಮ ಬೀದಿಯವರೂ ಹಾಗೇ ಕೇಳಿ ನಗುತ್ತಿದ್ದರು. ಆದರೂ ಇತ್ತು. ನಾನು ಆ ದೋಣಿಯಲ್ಲಿ ಕೂತಿದ್ದೇನೆ. ಒಂದು ದಿನ ಅದರ ಕೆಳಗೂ ಇದ್ದೆ. ಆ ದಿನದ ವಿಷಯವನ್ನು ನಿಧಾನವಾಗಿ ಹೇಳುತ್ತೇನೆ. ಬೇಗ ಹೇಳಿದರೆ ಈಗಲೂ ನನಗೆ ಉಸಿರು ಸಿಕ್ಕಿಕೊಳ್ಳುತ್ತದೆ. ಕಣ್ಣಿಂದ ನೋಡಿದ್ದನ್ನು ನೋಡಿದೆ ಎನ್ನುತ್ತೇನೆ, ಬರೀ ಕೇಳಿದ್ದನ್ನು ಕೇಳಿದೆ ಎನ್ನುತ್ತೇನೆ.

ಅಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಮರದ ಅಚ್ಚು ಕೆತ್ತುವ ಕೆಲಸ ಮಾಡುತ್ತಿದ್ದರು. ಪರದೇಶದಿಂದ ಬಂದಿದ್ದ ಇಂಜಿನಿಯರೊಬ್ಬರು ವಾಪಸು ಹೋಗುವಾಗ ತಮ್ಮ ಹಾಯಿದೋಣಿಯನ್ನು ಆ ಕೆರೆಯ ದಂಡೆಯಲ್ಲೇ ಬಿಟ್ಟು ಹೋಗಿದ್ದರು. ಅದನ್ನು ನೋಡಿ ಅಪ್ಪ ಒಂದು ದೋಣಿ ಮಾಡಿದರು. ಅಪ್ಪನದನ್ನು ನೋಡಿ ಇನ್ನೂ ಕೆಲವರು ಮಾಡಿದರು. ಹಾಯಿಗಳನ್ನು ಹೊಲಿದವರು ಚಾಚಾ. ಅವರು ಶಿವಮೊಗ್ಗದಲ್ಲಿ ಲಾರಿ ರಿಪೇರಿ ಮಾಡುವ ಮೆಕ್ಯಾನಿಕ್. ಲಾರಿಗೆ ಹೊದಿಸುವ ಹಳೆಯ ಟಾರ್ಪಾಲು ಅವರ ಬಳಿ ಬೇಕಾದಷ್ಟಿತ್ತು. ಹೀಗೆ ಒಂದು ಕ್ಲಬ್ಬೇ ಹುಟ್ಟಿತು. ಕ್ಲಬ್ಬಿಗೆ ಕಟ್ಟಡವಿರಲಿಲ್ಲ, ಒಂದು ಹುಣಸೇಮರವಿತ್ತು. ಮರಕ್ಕೆ ತೂಗುಹಾಕಿದ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಸುದ್ದಿ ಬರೆಯುತ್ತಿದ್ದರು: ‘ಕೆರೆ ಕೋಡಿ ಬಿದ್ದಿದೆ, ಯಾರೂ ನೀರಿಗಿಳಿಯಬಾರದು.’ ‘ದೋಣಿಗಳಿಗೆ ಗೇರೆಣ್ಣೆ ಬಳಿಯುವ ಕೆಲಸವಿದೆ, ಹಳೇ ಬಟ್ಟೆ ತೊಟ್ಟು ಬನ್ನಿ.’ ಬೇಸಿಗೆಯಲ್ಲಿ ಗದ್ದೆಗೆ ತೂಬು ತೆಗೆದರೆ ‘ನೀರಿಲ್ಲ, ನಮಸ್ಕಾರ’ ಎಂದಷ್ಟೇ ಇರುತ್ತಿತ್ತು.

ದೀಪಾವಳಿ ಕಳೆದು ನೀರು ತಿಳಿಯಾಗಿ ಮೂಡಲಗಾಳಿ ಶುರುವಾದ ಮೇಲೆ ಹೊಸ ಹಂಗಾಮು. ಆ ವರ್ಷ ಹಲಗೆಯ ಮೇಲೆ ಹೀಗಿತ್ತು: ‘ಭಾನುವಾರ ಮಗುಚುವ ಪರೀಕ್ಷೆ. ಉಪ್ಪಿಟ್ಟು ಇದೆ.’

ಈ ಪರೀಕ್ಷೆ ನಮ್ಮ ಕ್ಲಬ್ಬಿನ ಪದ್ಧತಿ. ಹಂಗಾಮಿನ ಮೊದಲ ದಿನ ದೋಣಿಯನ್ನು ಬೇಕೆಂದೇ ಮಗುಚಿ, ಯಾರ ಸಹಾಯವೂ ಇಲ್ಲದೆ ಮತ್ತೆ ಎತ್ತಿ ನಿಲ್ಲಿಸಬೇಕು. ಹಾಗೆ ಎತ್ತಿದವರಿಗೆ ಆ ವರ್ಷ ಚುಕ್ಕಾಣಿ, ಅಂದರೆ ದೋಣಿ ತಿರುಗಿಸುವ ಹಿಡಿ. ಹೊರಗಿನವರ ಕೈ ದೋಣಿಗೆ ತಾಗಿದರೆ ಪರೀಕ್ಷೆ ಹೋಯಿತು. ಜೊತೆಗೆ ಕೂತವರು ದೋಣಿ ಬಿಟ್ಟು ಹೊರಗೆ ಬಂದರೂ ಹೋಯಿತು. ನಮ್ಮ ದೋಣಿಯ ಚುಕ್ಕಾಣಿ ಅಕ್ಕನದು, ಜೊತೆಗೆ ಕೂರುವವಳು ನಾನು. ಅಪ್ಪ ಹಲಗೆ ಕೂಡಿಸುವಾಗ ಪ್ರತಿ ಮೊಳೆಯನ್ನೂ ಕೈಗೆ ಎತ್ತಿಕೊಟ್ಟವಳು ಅಕ್ಕ. ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ಅವಳು ಕಿವಿಯ ಹಿಂಭಾಗದಿಂದಲೇ ತಿಳಿಯುತ್ತಿದ್ದಳು.

ಆದರೆ ಆ ವರ್ಷ ಅಕ್ಕ ದಾವಣಿ ಉಡಲು ಶುರುಮಾಡಿದ್ದಳು. ಮರಕ್ಕೆ ನೀರು ಹಿಡಿಯದಂತೆ ದೋಣಿಗೆ ಗೇರೆಣ್ಣೆ, ಅಂದರೆ ಗೇರುಸಿಪ್ಪೆಯ ಎಣ್ಣೆ, ಬಳಿಯುತ್ತಿದ್ದ ದಿನ ಕ್ಲಬ್ಬಿನ ಸೆಕ್ರೆಟರಿ ಅಪ್ಪನ ಬಳಿ ಬಂದರು. ಅವರು ಶಿವಮೊಗ್ಗದ ಒಬ್ಬ ವಕೀಲರು. ಬಿಳಿ ಷರಾಯಿಗೆ ಒಂದು ಚುಕ್ಕೆಯೂ ತಾಗದಂತೆ ದೂರವೇ ನಿಂತರು.

“ನೋಡಿ ಮಾರಾಯ್ರೆ, ಚಿಕ್ಕವಳು ಬೇಕಾದ್ರೆ ಕೂರ್ಲಿ. ದೊಡ್ಡವಳು ಇನ್ಮೇಲೆ ದಡದಲ್ಲಿ ಉಪ್ಪಿಟ್ಟು ಬಡಿಸ್ಕೊಂಡು ಇರ್ಲಿ. ದಾವಣಿ ಉಡೋ ಹುಡುಗಿ ನೀರಲ್ಲಿ ಉರುಳಾಡೋದು ನೋಡಕ್ಕೆ ಚೆನ್ನಾಗಿರುತ್ತಾ?”

ಅಪ್ಪ ತಲೆ ಎತ್ತಲಿಲ್ಲ. ಅಕ್ಕ ಎತ್ತಿದಳು. “ನೋಡಕ್ಕೆ ಚೆನ್ನಾಗಿರ್ಲಿ ಅಂತ ಯಾರು ಸಾರ್ ದೋಣಿ ಮಗುಚ್ತಾರೆ?”

“ಅಲ್ಲಮ್ಮಾ, ನೀನು ಚಡ್ಡಿ ಗಿಡ್ಡಿ ಹಾಕ್ಕೊಂಡು ನಿಂತ್ರೆ ಕ್ಲಬ್ಬಿನ ಮರ್ಯಾದೆ ಏನಾಗ್ಬೇಕು?”

“ದಾವಣೀಲೇ ಮಾಡ್ತೀನಿ.”

“ದಾವಣೀಲಾ!” ಸೆಕ್ರೆಟರಿ ಜೋರಾಗಿ ನಕ್ಕರು. “ಆಯ್ತು, ಮಾಡು ನೋಡೋಣ.” ಮಾತು ಅಲ್ಲಿಗೆ ಮುಗಿಯಿತು ಎಂದು ಅವರು ತಿಳಿದಂತಿತ್ತು.

ಹಾಯಿಗೆ ತೇಪೆ ಹಾಕುತ್ತಿದ್ದ ಚಾಚಾ ಬಾಯಲ್ಲಿ ಕಚ್ಚಿಕೊಂಡಿದ್ದ ದಾರ ತೆಗೆದು, “ಹುಷಾರ್ ಸಾರ್, ಈ ಬೇಟಿ ನಿಮ್ಮನ್ನೂ ಅದ್ದಿ ತೆಗೀತಾಳೆ” ಎಂದರು.

ಮನೆಗೆ ಹೋಗುವಾಗ ನಾನು ಅಪ್ಪನ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ, ಅಕ್ಕ ಹಿಂದೆ. “ಅಪ್ಪ, ನೀವೇನೂ ಹೇಳ್ಲಿಲ್ಲ” ಎಂದಳು ಅಕ್ಕ. ಅಪ್ಪ ಪೆಡಲು ತುಳಿಯುತ್ತಲೇ ಇದ್ದರು. ಅವರ ಉಸಿರು ನನ್ನ ನೆತ್ತಿಗೆ ತಾಗುತ್ತಿತ್ತು.

ಭಾನುವಾರ ಬೆಳಿಗ್ಗೆ ಕೆರೆಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಬೇರೆ ದೋಣಿಗಳು ಒಂದೊಂದಾಗಿ ಮಗುಚಿ ಎದ್ದವು. ಮಗುಚಿದ ದೋಣಿ ಮೊದಲು ಪಕ್ಕಕ್ಕೆ ಮಲಗುತ್ತದೆ. ಹಾಯಿ ನೀರಿನ ಮೇಲೆ ಹಾಸಿಕೊಳ್ಳುತ್ತದೆ. ದೋಣಿಯ ಹೊಟ್ಟೆಯಿಂದ ಹೊರಗೆ ಚಾಚಿದ ಒಂದು ಹಲಗೆ ಇರುತ್ತದೆ. ತಕ್ಷಣ ಅದರ ಮೇಲೆ ಹತ್ತಿ ತುಳಿದರೆ ದೋಣಿ ಎದ್ದು ನಿಲ್ಲುತ್ತದೆ. ಜೊತೆಯವರು ಒಳಗೇ ಕೂರುವ ಹಲಗೆ ಹಿಡಿದು ತೇಲುತ್ತಿರಬೇಕು. ದೋಣಿ ಏಳುವಾಗ ಅವರನ್ನೂ ಮೊಗೆದುಕೊಂಡೇ ಏಳುತ್ತದೆ. ತಡಮಾಡಿದರೆ ಮಾತ್ರ ಕಷ್ಟ, ಅದು ಪೂರ್ತಿ ಬೋರಲಾಗಿಬಿಡುತ್ತದೆ.

ಅಕ್ಕ ಲಂಗದ ಮೇಲೆ ಅಪ್ಪನ ಹಳೇ ಖಾಕಿ ಅಂಗಿ ತೊಟ್ಟು, ಅದರ ಮೇಲೆ ಸಾಸಿವೆ ಹೂವಿನ ಬಣ್ಣದ ದಾವಣಿ ಉಟ್ಟಿದ್ದಳು. ನನ್ನ ಎದೆಗೆ ಗಾಳಿ ತುಂಬಿದ ಸೈಕಲ್ ಟ್ಯೂಬು ಸುತ್ತಿದ್ದರು. ಕೆರೆಯ ನಡುವೆ ಹೋದ ಮೇಲೆ ಅಕ್ಕ “ಹಿಡ್ಕೋ” ಎಂದಳು. ನಾನು ಕೂರುವ ಹಲಗೆ ಹಿಡಿದೆ. ಅವಳು ಅಂಚಿನ ಮೇಲೆ ನಿಂತು ಭಾರ ಹಾಕಿದಳು. ಆಕಾಶ ಓರೆಯಾಯಿತು. ತಣ್ಣನೆಯ ನೀರು ಕಿವಿಯೊಳಗೆ ನುಗ್ಗಿತು.

ನಾನು ಕೊನೆಗೆ ನೋಡಿದ್ದು ಇಷ್ಟು: ಅಕ್ಕ ಹೊರಗಿನ ತುಳಿಯುವ ಹಲಗೆಯ ಕಡೆ ಈಜುತ್ತಿದ್ದಳು, ಒದ್ದೆ ದಾವಣಿ ಅವಳ ಕಾಲಿಗೆ ಸುತ್ತಿಕೊಂಡಿತ್ತು. ಅವಳು ಕಾಲು ಒದೆದಳು, ಬಿಡಲಿಲ್ಲ. ಅಷ್ಟರಲ್ಲಿ ದೋಣಿ ನನ್ನ ಮೇಲೆ ಮುಚ್ಚಿಕೊಂಡಿತು.

ಒಳಗೆ ಕತ್ತಲೆ ಇರಲಿಲ್ಲ. ಅದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ. ಬೆಳಕು ಕೆಳಗಿನಿಂದ ಬರುತ್ತಿತ್ತು, ಹಸಿರಾಗಿ, ಎಳೆ ಬಾಳೆಲೆಯ ಮೂಲಕ ನೋಡಿದ ಹಾಗೆ. ನನ್ನ ಕೈಗಳೂ ಹಸಿರಾಗಿದ್ದವು. ತಲೆಯ ಮೇಲೆ ದೋಣಿಯ ತಳ. ಅದಕ್ಕೂ ನೀರಿಗೂ ನಡುವೆ ನನ್ನ ಮುಖಕ್ಕೆ ಸಾಕಾಗುವಷ್ಟು ಗಾಳಿ. ಬಾಯಿ ಬೆಸೆದ ಸೀಮೆಎಣ್ಣೆ ಡಬ್ಬಗಳನ್ನು ಅಪ್ಪ ಕೂರುವ ಹಲಗೆಯಡಿ ಕಟ್ಟಿದ್ದರಿಂದ ದೋಣಿ ಮುಳುಗಲಿಲ್ಲ. ಗೇರೆಣ್ಣೆಯ ಘಾಟು ಮೂಗಿಗೆ ಹತ್ತಿತು. ನನ್ನ ಉಸಿರೇ ನನಗೆ ಬೇರೆ ಯಾರೋ ಉಸಿರಾಡಿದ ಹಾಗೆ ಕೇಳಿಸುತ್ತಿತ್ತು.

ಟಕ್, ಎಂದಿತು ತಲೆಯ ಮೇಲಿನ ತಳ. ಅಕ್ಕ ಹೊರಗಿನಿಂದ ಬಡಿದಿದ್ದಳು. ನಾನು ಒಳಗಿನಿಂದ ಬಡಿದೆ, ಟಕ್. “ಇದ್ದಾಳೆ!” ಎಂದು ಅವಳು ಕೂಗಿದ್ದು ಮರದ ಮೂಲಕ ಕೇಳಿಸಿತು.

ಆಮೇಲೆ ದೋಣಿ ಒಮ್ಮೆ ಜಗ್ಗಿತು, ನಿಂತಿತು. ಮತ್ತೆ ಜಗ್ಗಿತು. ಏಳಲಿಲ್ಲ. ಕೆಳಗೆ ನೋಡಿದೆ. ಹಾಯಿ ಕಟ್ಟಿದ ಬಿದಿರಿನ ಕಂಬ ತಲೆಕೆಳಗಾಗಿ ಇಳಿದಿತ್ತು. ಅದರ ತುದಿಯ ಸುತ್ತ ಕಪ್ಪು ಹೂಳು ಹೊಗೆಯ ಹಾಗೆ ಏಳುತ್ತಿತ್ತು. ಕಂಬ ಕೆರೆಯ ಕೆಸರಿನಲ್ಲಿ ನೆಟ್ಟುಕೊಂಡಿತ್ತು.

ಇನ್ನು ಸ್ವಲ್ಪ ಹೊತ್ತು ಕೇಳಿದ್ದು ಮಾತ್ರ. ದಡದಿಂದ ಸೆಕ್ರೆಟರಿಯ ದನಿ: “ಸಾಕು ಸಾಕು, ಮಗು ಒಳಗಿದೆ! ಹಗ್ಗ ಕಟ್ಟಿ ಎಳೀರಿ!” ಅದರ ಮೇಲೆ ಅಕ್ಕನ ದನಿ, ತೀರ ಹತ್ತಿರ: “ಯಾರೂ ಮುಟ್ಬೇಡಿ! ಅವಳು ಬಡೀತಾ ಇದ್ದಾಳೆ. ನಾನು ಎತ್ತೀನಿ.” ಹಗ್ಗ ಇದ್ದದ್ದು ಚಾಚಾರ ಬಳಿ. ಅವರು ಹಗ್ಗದ ಸುರುಳಿಯನ್ನು ನೆಲಕ್ಕೆ ಹಾಕಿ ಅದರ ಮೇಲೆ ಕೂತುಬಿಟ್ಟರಂತೆ. “ಹುಡುಗಿ ಬೇಡ ಅಂತಾಳೆ ಸಾರ್. ನನ್ ಕಿವಿ ಇನ್ನೂ ಚೆನ್ನಾಗೈತೆ” ಎಂದರಂತೆ. ಇದನ್ನು ಚಾಚಾ ಆಮೇಲೆ ತಾವೇ ಅಭಿನಯಿಸಿ ತೋರಿಸಿದರು.

ಧೊಪ್ ಎಂದು ಯಾರೋ ನೀರಿಗೆ ಹಾರಿದರು. ಈಜಿನ ಸದ್ದು ಹತ್ತಿರ ಬಂದು ನಿಂತಿತು.

“ಅಪ್ಪ, ಮುಟ್ಬೇಡಿ” ಎಂದಳು ಅಕ್ಕ. ಈ ಸಲ ಕೂಗಲಿಲ್ಲ. “ನಿಮ್ಮ ಕೈ ತಾಗಿದ್ರೆ ಮುಗೀತು.”

ಅಪ್ಪ ಏನೂ ಹೇಳಲಿಲ್ಲ. ಸೈಕಲ್ಲಿನ ಮೇಲೆ ಸುಮ್ಮನಿದ್ದರಲ್ಲ, ಹಾಗೆಯೇ. ನನಗೆ ಅಳು ಬಂತು. ಆಗ ನನ್ನ ಪಕ್ಕದಲ್ಲಿ ಹಸಿರು ನೀರು ಉಬ್ಬಿ, ಅಪ್ಪನ ತಲೆ ಮೇಲೆ ಬಂತು. ಕೆಳಗಿನಿಂದ ಮುಳುಗಿ ಬಂದಿದ್ದರು. ಮೀಸೆಯಿಂದ ನೀರು ಸುರಿಯುತ್ತಿತ್ತು. ಎರಡೂ ಕೈಗಳನ್ನು ಎದೆಗೆ ಅವುಚಿಕೊಂಡು, ದೋಣಿಯ ಒಂದು ಹಲಗೆಗೂ ಬೆರಳು ತಾಗದಂತೆ, ಬರೀ ಕಾಲಿನಿಂದ ತೇಲುತ್ತಿದ್ದರು.

“ಹೆದರಿಕೆ ಆಗ್ತಿದ್ಯಾ?”

“ಆಗ್ತಿದೆ.”

“ಹೊರಗೆ ಬರ್ತೀಯಾ? ಬಾ ಅಂದ್ರೆ ಈಗ್ಲೇ ಕರ್ಕೊಂಡು ಹೋಗ್ತೀನಿ. ಯಾರೂ ಬೈಯಲ್ಲ.”

ಬರಬೇಕು ಎಂದು ನನ್ನ ಮೈಯೆಲ್ಲ ಹೇಳುತ್ತಿತ್ತು. ಹಲ್ಲು ಕಟಕಟ ಎನ್ನುತ್ತಿತ್ತು. ಆದರೆ ನಾನು ಹೊರಗೆ ಬಂದರೆ ಅಕ್ಕ ಆ ವರ್ಷ ಉಪ್ಪಿಟ್ಟು ಬಡಿಸಬೇಕು. ಆಮೇಲಿನ ವರ್ಷಗಳಲ್ಲೂ ಬಡಿಸಬೇಕು. ನಾನು ದಾವಣಿ ಉಟ್ಟ ಮೇಲೆ ನಾನೂ ಬಡಿಸಬೇಕು.

“ಇಲ್ಲ. ಬೇಗ ಎತ್ತು ಅಂತ ಅಕ್ಕಂಗೆ ಹೇಳಿ.”

ಅಪ್ಪ ನನ್ನ ಮುಖವನ್ನು ಒಂದು ಕ್ಷಣ ನೋಡಿ ನೀರಿನೊಳಗೆ ಇಳಿದರು. ಹೊರಗೆ ಅವರ ದನಿ ಎದ್ದಿತು. ಅಷ್ಟು ಜೋರಾಗಿ ಅಪ್ಪ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. “ಅವಳು ಬರಲ್ವಂತೆ! ಯಾರೂ ಹತ್ರ ಬರ್ಬೇಡಿ. ನಾನಿಲ್ಲೇ ಇದ್ದೀನಿ.”

ಸ್ವಲ್ಪ ಹೊತ್ತಿಗೆ ದೋಣಿಯ ಅಂಚಿನ ಕೆಳಗಿನಿಂದ ಏನೋ ಒಳಗೆ ಬಂತು. ಮೊದಲು ಹಾವೆಂದುಕೊಂಡೆ. ಅದು ದಾವಣಿಯ ತುದಿ.

“ಪುಟ್ಟಿ, ಅಂಚಿನ ಬಳೆಗೆ ಕಟ್ಟು! ಕರು ಕಟ್ಟೋ ಗಂಟು!”

ದೋಣಿಯ ಅಂಚಿನ ಒಳಮೈಯಲ್ಲಿ ಅಪ್ಪ ಕೂರಿಸಿದ ಕಬ್ಬಿಣದ ಬಳೆ ಇತ್ತು. ಹಾಯಿಯ ಹಗ್ಗವೆಲ್ಲ ಹಾಯಿಯ ಜೊತೆ ಕೆಳಗೆ ಹೋಗಿದ್ದರಿಂದ ಅಕ್ಕನಿಗೆ ಹಿಡಿದು ಎಳೆಯಲು ಬೇರೇನೂ ಇರಲಿಲ್ಲ. ಮರಗಟ್ಟಿದ ಬೆರಳುಗಳಿಂದ ಗಂಟು ಹಾಕಿದೆ. ಜಾರಿತು. ಮತ್ತೆ ಹಾಕಿ, ಹಲ್ಲಿನಿಂದ ಕಚ್ಚಿ ಬಿಗಿದೆ. ಬಾಯಿ ತುಂಬ ಕೆಸರಿನ ರುಚಿ. ಟಕ್, ಎಂದು ಬಡಿದೆ.

ಅಕ್ಕ ದಾವಣಿಯನ್ನು ದೋಣಿಯ ಬೆನ್ನಿನ ಮೇಲಿಂದ ಹಾಯಿಸಿ, ಈಚೆ ಅಂಚನ್ನು ಮೆಟ್ಟಿ ನಿಂತು, ಹಿಂದಕ್ಕೆ ವಾಲಿ ಎಳೆದಳಂತೆ. ದೋಣಿ ನರಳಿತು. ಕಂಬ ಬಿಡಲಿಲ್ಲ. “ದನದ ಗೂಟ ಅಲ್ಲಾಡಿಸ್ದಂಗೆ ಅಲ್ಲಾಡಿಸ್ತೀನಿ, ಗಟ್ಟಿ ಹಿಡ್ಕೋ” ಎಂದು ಕೂಗಿದಳು. ನೆಲದಲ್ಲಿ ಗಟ್ಟಿಯಾಗಿ ಕೂತ ಗೂಟವನ್ನು ಯಾರೂ ನೇರ ಎಳೆಯುವುದಿಲ್ಲವಲ್ಲ. ಎಳೆದಳು, ಬಿಟ್ಟಳು. ಎಳೆದಳು, ಬಿಟ್ಟಳು. ದೋಣಿ ತೊಟ್ಟಿಲಿನ ಹಾಗೆ ಆಡತೊಡಗಿತು. ಕೆಳಗೆ ಹೂಳಿನ ಹೊಗೆ ದಟ್ಟವಾಯಿತು, ಹಸಿರು ಹೋಗಿ ಕಂದು ಆಯಿತು, ಆಮೇಲೆ ಏನೂ ಕಾಣಲಿಲ್ಲ.

ಕೆಸರು ಕಂಬವನ್ನು ಬಿಟ್ಟ ಸದ್ದು ನನಗೆ ಕೇಳಿಸಲಿಲ್ಲ, ಮೈಗೆ ತಿಳಿಯಿತು. ನನ್ನ ತಲೆಯ ಮೇಲಿದ್ದ ತಳ ಪಕ್ಕಕ್ಕೆ ಹೊರಳಿತು. ಬೆಳಕು ಕಣ್ಣಿಗೆ ಚುಚ್ಚಿತು. ನಾನು ದೋಣಿಯೊಳಗೆ, ಮಂಡಿಯುದ್ದ ನೀರಿನಲ್ಲಿ, ಹಲಗೆ ಅಪ್ಪಿಕೊಂಡು ಬಿದ್ದಿದ್ದೆ. ಆಕಾಶ ಅದರ ಜಾಗದಲ್ಲಿತ್ತು. ಅಕ್ಕ ಅಂಚು ಹತ್ತಿ ನನ್ನ ಪಕ್ಕಕ್ಕೆ ಉರುಳಿದಳು. ಅವಳ ಅಂಗೈಗಳಲ್ಲಿ ರಕ್ತ ಜಿನುಗುತ್ತಿತ್ತು. ಅಪ್ಪ ಇನ್ನೂ ನೀರಿನಲ್ಲೇ ಇದ್ದರು, ಎರಡೂ ಕೈಗಳನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿಕೊಂಡು.

ದಡದಲ್ಲಿ ಚಾಚಾ ಶಿಳ್ಳೆ ಹಾಕಿದರು. ಸೆಕ್ರೆಟರಿ ಎರಡು ಹೆಜ್ಜೆ ಮುಂದೆ ಬಂದರು, ಬಿಳಿ ಷರಾಯಿಗೆ ಕೆಸರು ಹತ್ತಿದ್ದೂ ಅವರಿಗೆ ತಿಳಿಯಲಿಲ್ಲ. “ದಾವಣೀಲಿ ಮಾಡ್ತೀನಿ ಅಂದಿದ್ದೆ. ಎಲ್ಲಮ್ಮಾ ದಾವಣಿ?”

ಅಕ್ಕ ಎದ್ದು ನಿಂತಳು. ಅಪ್ಪನ ಖಾಕಿ ಅಂಗಿಯಿಂದ ನೀರು ಸುರಿಯುತ್ತಿತ್ತು. “ಇಲ್ಲೇ ಇದೆ ಸಾರ್. ದೋಣಿ ಉಟ್ಕೊಂಡಿದೆ.”

ನಿಜಕ್ಕೂ ಹಾಗೇ ಇತ್ತು. ದಾವಣಿ ಅಂಚಿನಿಂದ ಇಳಿದು ದೋಣಿಯ ಮೈಗೆ ಅಂಟಿಕೊಂಡಿತ್ತು. ನಾನು ಹಾಕಿದ ಗಂಟು ಹಾಗೇ ಇತ್ತು. ಯಾರೋ ಕಿಸಕ್ಕೆಂದು ನಕ್ಕರು. ನಗು ದಡದ ಉದ್ದಕ್ಕೂ ಹರಡಿತು. ಸೆಕ್ರೆಟರಿ ನಗಲಿಲ್ಲ. “ಮುಂದಿನ ವರ್ಷ ಇದಕ್ಕೊಂದು ರೂಲ್ ಮಾಡ್ಬೇಕಾಗುತ್ತೆ” ಎಂದರು.

“ಮಾಡಿ ಸಾರ್” ಎಂದರು ಅಪ್ಪ, ನೀರಿನಿಂದಲೇ. “ಆಗ ನಾನೂ ಮಾತಾಡ್ತೀನಿ. ಈ ವರ್ಷ ಚುಕ್ಕಾಣಿ ಅವಳ್ದು.”

ಅಕ್ಕ ದಡಕ್ಕೆ ಬರಲಿಲ್ಲ. ದೋಣಿಯೊಳಗಿನ ನೀರನ್ನು ನಾವಿಬ್ಬರೂ ಮೊಗೆದು ಚೆಲ್ಲಿದೆವು. ಹಾಯಿ ಗಾಳಿ ತುಂಬಿಕೊಂಡಿತು. ಅಷ್ಟು ಜನ ನೋಡುತ್ತಿದ್ದಂತೆ ಅಕ್ಕ ಕೆರೆಯನ್ನು ಪೂರ್ತಿ ಒಂದು ಸುತ್ತು ಹಾಕಿದಳು. ಆಮೇಲೆಯೇ ಉಪ್ಪಿಟ್ಟು. ಅದು ತಣ್ಣಗಾಗಿತ್ತು. ಬಡಿಸಿದವರು ಚಾಚಾ.

ದಾವಣಿಯ ಕೆಸರಿನ ಕಲೆ ಎಷ್ಟು ಒಗೆದರೂ ಹೋಗಲಿಲ್ಲ. ಅಮ್ಮ ಅದರ ಹರಿದ ಅಂಚನ್ನು ಮಡಚಿ ಹೊಲಿದು, “ಮುಂದಿನ ಭಾನುವಾರಕ್ಕೂ ಇದನ್ನೇ ಉಡು” ಎಂದಳು. ಮುಂದಿನ ವರ್ಷ ಸೆಕ್ರೆಟರಿ ರೂಲ್ ತಂದರೋ ಎಂದು ನೀವು ಕೇಳುತ್ತೀರಿ. ತಂದರು. ಅಪ್ಪ ಮಾತಾಡಿದರು. ಅಂದಿನ ಹಾಗೆಯೇ ಜೋರಾಗಿ. ರೂಲ್ ಬಿದ್ದುಹೋಯಿತು.

ಈಗ ಆ ಕೆರೆಯ ಅರ್ಧದಲ್ಲಿ ಮನೆಗಳಿವೆ. ನಾವು ವಿದ್ಯಾನಗರದಿಂದ ಬಸ್ಸಿನಲ್ಲಿ ಭದ್ರಾವತಿಗೆ ಹೋಗುವಾಗ ನಾನು ಕಿಟಕಿಯಿಂದ ತೋರಿಸುತ್ತೇನೆ, ನಿಮಗೆ ಕಾಣುವುದು ಜೊಂಡು ಮಾತ್ರ. ನಿಮ್ಮ ಈಜುಕೊಳದ ನೀರು ನೀಲಿ, ತಳ ಕಾಣುತ್ತದೆ. ತೊಡಲು ಕಿತ್ತಳೆ ಬಣ್ಣದ ಜಾಕೆಟ್ಟು ಇದೆ, ಶಿಳ್ಳೆ ಹಿಡಿದ ಟೀಚರ್ ಇದ್ದಾರೆ. ಒಳ್ಳೆಯದೇ. ನಾನಿದ್ದ ಜಾಗದಲ್ಲಿ ನೀವು ಯಾರೂ ಇರಬಾರದು. ಆದರೆ ಹೋದ ವಾರ ನಿಮ್ಮಲ್ಲಿ ಚಿಕ್ಕವಳಾದ ಮೊಮ್ಮಗಳು ಶಾಲೆಯಿಂದ ಬಂದು, ಕ್ರಿಕೆಟ್ಟಿನಲ್ಲಿ ಹುಡುಗರು ತನ್ನನ್ನು ಆಟಕ್ಕೆ ಸೇರಿಸದೆ ಸ್ಕೋರ್ ಬರೆಯಲು ಕೂರಿಸಿದರು ಎಂದಳು. ನನಗೆ ತಕ್ಷಣ ಗೇರೆಣ್ಣೆಯ ಘಾಟು ಬಂತು.

ಅಕ್ಕನಿಗೆ ಈಗ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಅವಳು ಬಂದಾಗ ನಾವಿಬ್ಬರೂ ಊಟದ ಮೇಜನ್ನು ಬಡಿಯುವುದನ್ನು ನೋಡಿ ನೀವು ನಗುತ್ತೀರಿ, ಮುದುಕಿಯರ ಆಟ ಎನ್ನುತ್ತೀರಿ. ಮೊನ್ನೆ ಮೊಮ್ಮಗಳು ಸ್ಕೋರಿನ ವಿಷಯವನ್ನು ಅವಳ ಕಿವಿಯ ಬಳಿ ಕೂಗಿ ಹೇಳಿದಳು. ಅಕ್ಕ ಪೂರ್ತಿ ಕೇಳಿಸಿಕೊಂಡು, ಹುಡುಗಿಯ ಮುಂದೆ ಮೇಜಿನ ಮೇಲೆ ಬೆರಳಿನ ಗೆಣ್ಣಿನಿಂದ ಒಮ್ಮೆ ಬಡಿದಳು. ಟಕ್.

ಹುಡುಗಿ ನನ್ನ ಮುಖ ನೋಡಿದಳು. ಆಮೇಲೆ ಅವಳೂ ಬಡಿದಳು.