ಅವ್ವನ ಹಿತ್ತಲಿನ ಲಿಲ್ಲಿ ಗಡ್ಡೆ

ಎಪ್ಪತ್ತರ ದಶಕದ ಮಾತು. ತವರೂರು ನೀಲಗುಂದದಲ್ಲಿ ಅವ್ವ ತೀರಿಕೊಂಡ ಮೇಲೆ ಅಣ್ಣ ಹಿತ್ತಲಿಗೆಲ್ಲ ಬಂಡೆ ಹಾಸಿಸಲು ಹೊರಟ. ಅಲ್ಲಿ ಅವ್ವ ಲಿಂಗಪೂಜೆಗೆಂದೇ ಬೆಳೆಸಿದ್ದ ಬಿಳಿ ಲಿಲ್ಲಿಯ ಪಾತಿ ಇತ್ತು. ನನಗೆ ಅವ್ವನ ಸೀರೆ ಬೇಡ, ಬೋರಮಾಳ ಸರ ಬೇಡ ಎಂದು ಕೈಗೆ ಸಿಕ್ಕಷ್ಟು ಗಡ್ಡೆ ಅಗೆದು, ಸೆರಗಿನಲ್ಲಿ ಕಟ್ಟಿಕೊಂಡು ಗಂಡನ ಊರು ಕೂಡ್ಲಿಗಿಯ ಬಸ್ಸು ಹತ್ತಿದೆ. ಉಳಿದವು ಬಂಡೆಯಡಿ ಹೋದವು. ಇವೂ ಸತ್ತರೆ ಅವ್ವನ ಹೂವು ಮತ್ತೆಲ್ಲೂ ಇರುವುದಿಲ್ಲ.

ಆಗಲೇ ಸ್ವಾತಿ ಮಳೆಯೂ ಮುಗಿದು ಚಳಿಗಾಳಿ ಬಿಟ್ಟಿತ್ತು. ಅತ್ತೆ ಬಾಗಿಲಲ್ಲೇ ತಡೆದರು.

"ನಮ್ಮನ್ಯಾಗ ಉಳ್ಳಾಗಡ್ಡಿ ಇಲ್ಲೇನು, ತವರಿಂದ ಹೊತಗೊಂಡು ಬಂದೀ?"

"ಉಳ್ಳಾಗಡ್ಡಿ ಅಲ್ರಿ ಅತ್ತಿ. ಅವ್ವನ ಲಿಲ್ಲಿ ಗಡ್ಡಿ."

"ಸತ್ತ ಮನಿ ಗಡ್ಡಿ! ವರ್ಷ ತುಂಬೋತನಕ ನಮ್ಮ ಮಣ್ಣಾಗ ಇಡಬ್ಯಾಡ."

"ವರ್ಷ ಇಟ್ರ ಒಣಗಿ ಹೊಟ್ಟಾಗ್ತಾವ್ರಿ. ಕೊರಳಾಗ ಲಿಂಗ ಇದ್ದೋರಿಗೆ ಎಲ್ಲೀ ಸೂತಕ? ನೀವ ಹೇಳಿಕೊಟ್ಟದ್ದಲ್ರಿ?"

ಅತ್ತೆ ಬಾಗಿಲು ಬಿಟ್ಟು ಸರಿದರು. "ನೆಡು, ನೆಡು. ಮಳಿ ಹೋದಮ್ಯಾಲೆ ನೆಟ್ಟ ಗಡ್ಡಿ ಹೆಂಗ ಚಿಗರತೈತಿ, ನಾನೂ ನೋಡ್ತೀನಿ."

ನೋಡಲಿ ಎಂದೇ ಅವರು ಕೂರುವ ಕಟ್ಟೆಯ ಎದುರಿಗೇ ನೆಟ್ಟೆ. ಪೂಜೆಯ ಹೂವಿಗೆ ಬಚ್ಚಲ ನೀರು ಹಾಯಿಸುವಂತಿಲ್ಲ. ಸೇದುವ ಬಾವಿಯ ನೀರು ಕುಡಿಯಲಿಕ್ಕೇ ಸಾಲದು. ದಿನಾ ಲಿಂಗಕ್ಕೆ ಮಜ್ಜನ ಮಾಡಿಸಿದ ನೀರನ್ನೇ ತಂದು ಬುಡಕ್ಕೆ ಬಿಟ್ಟೆ. ಲಿಂಗದ ನೀರನ್ನು ಅತ್ತೆಯೂ ಬೇಡ ಎನ್ನುವಂತಿಲ್ಲ. ಒಂದು ತಂಬಿಗೆಯ ತಳದಷ್ಟು ನೀರು, ಶಿವನ ದಯೆ.

ಚಳಿಗಾಲ ಹೋಯಿತು, ಬೇಸಿಗೆ ಬಂತು, ಹಸಿರು ಕಾಣಲಿಲ್ಲ. "ಬರೇ ಮಣ್ಣಿಗೆ ಪೂಜಿ ಮಾಡ್ತಾಳ ನೋಡ್ರಿ ನಮ್ಮ ಸೊಸಿ" ಎಂದು ಅತ್ತೆ ಬಂದವರಿಗೆಲ್ಲ ತೋರಿಸಿ ನಗುತ್ತಿದ್ದರು. ಅಲ್ಲಿ ಮೆಣಸಿನ ಸಸಿ ಹಚ್ಚೋಣ ಎಂದು ಒಂದು ಬೆಳಿಗ್ಗೆ ಸಲಿಕೆಯನ್ನೂ ತಂದರು. ನಾನು ಪಾತಿಯ ಮೇಲೆ ಅಡ್ಡ ನಿಂತೆ. "ಮೊದ್ಲು ನನ್ನ ಕಾಲು ಕಡೀರಿ" ಎಂದೆ. ಸಲಿಕೆ ಮೂಲೆ ಸೇರಿತು.

ಮೊದಲ ಗುಡುಗಿನ ಮಳೆ ಬಿದ್ದ ಕೆಲವೇ ದಿನಕ್ಕೆ ಗರಿಕೆಯಂಥ ಎಲೆಗಳ ನಡುವೆ ಒಂದು ದಂಟು ಎದ್ದಿತು. ಬೆಳಗಿನ ಜಾವಕ್ಕೆ ಬಿಳಿಯ ಹೂವು, ಅವ್ವನದೇ. ಬಹಳ ಗಡ್ಡೆಗಳು ಕೊಳೆತಿದ್ದವು, ನಿಜ. ಒಂದು ಬದುಕಿತ್ತಲ್ಲ.

ಪೂಜೆಗೆ ಕೂತಾಗ ಪಕ್ಕದ ಮಣೆಯಿಂದ ಅತ್ತೆ ಕೈಚಾಚಿದರು. "ಆ ಹೂವು ಇತ್ತಾಗ ಕೊಡು, ಹಿರೇರು ಮೊದ್ಲು."

ನಾನು ಅದನ್ನು ನನ್ನ ಅಂಗೈಯ ಲಿಂಗಕ್ಕೆ ಏರಿಸಿದೆ.

"ಒಂದ ಬಿಟ್ಟೈತ್ರಿ ಅತ್ತಿ," ಎಂದೆ. "ಇನ್ನೊಂದು ಮಳಿ ಬರ್ಲಿ, ನಿಮಗೂ ಕೊಡ್ತೀನಿ."