ಯಾತ್ರೆ ಮಾವ ಮತ್ತು ನಮ್ಮ ಒಂಬತ್ತು ಜನ

ಅವರ ಕತ್ತು ಸದಾ ಎಡಕ್ಕೆ ತಿರುಗಿಯೇ ಇರುತ್ತಿತ್ತು. ಎದುರು ನಿಂತು ಮಾತಾಡಿಸಿದರೂ ಗದ್ದ ಎಡಭುಜದ ಮೇಲೆ, ಕಣ್ಣು ಮಾತ್ರ ನಮ್ಮ ಕಡೆ. ಮೂವತ್ತೈದು ವರ್ಷ ಯಾತ್ರಿಕರ ಮುಂದೆ ನಡೆಯುತ್ತಾ, ಹೆಜ್ಜೆಗೊಮ್ಮೆ ಹಿಂದಕ್ಕೆ ನೋಡಿ ನೋಡಿ ಹಾಗಾಗಿತ್ತು. ಘಾಟಿನ ಕ್ಷೌರದವನು ಎರಡೂ ಕೈಯಲ್ಲಿ ತಲೆ ಹಿಡಿದು, "ಚಾಚಾ, ಮುಂಡಿ ಸೀಧಾ ರಖಾ" ಎಂದು ನೇರ ಮಾಡುತ್ತಿದ್ದ. ಕೈ ಬಿಟ್ಟ ಕೂಡಲೇ ಅದು ಮತ್ತೆ ಎಡಕ್ಕೆ.

ನಮ್ಮ ಮನೆ ಕಾಶಿಯ ವಿಶ್ವನಾಥ ಗಲ್ಲಿಯಿಂದ ಮೂರು ತಿರುವು ಒಳಕ್ಕೆ. ಮೇಲೆ ನಾವು, ಕೆಳಗಿನ ಒಂದು ಕೋಣೆಯಲ್ಲಿ ಅವರು. ಅಪ್ಪ ದಕ್ಷಿಣದಿಂದ ಬರುವ ಕುಟುಂಬಗಳಿಗೆ ಶ್ರಾದ್ಧ, ಪಿಂಡದಾನ ಮಾಡಿಸುವವರು. ಕರ್ನಾಟಕದ ತಂಡಗಳನ್ನು ಸ್ಟೇಷನ್ನಿನಿಂದ ಕರೆತಂದು, ಸ್ನಾನ, ದರ್ಶನ, ಮಠದ ಊಟ ಎಲ್ಲ ಮುಗಿಸಿ ಮತ್ತೆ ರೈಲು ಹತ್ತಿಸುವ ಕೆಲಸ ಕೆಳಗಿನ ಕೋಣೆಯವರದು. ಆದ್ದರಿಂದ ಎಲ್ಲರಿಗೂ ಅವರು ಯಾತ್ರೆ ಮಾವ. ಒಂಟಿ ಮನುಷ್ಯ. ಬೆಳಿಗ್ಗೆ ಕಚೌರಿ ತಿನ್ನದಿದ್ದರೆ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ದೇವರ ಸನ್ನಿಧಿಯಲ್ಲೇ ದಿನಕ್ಕೆ ಹತ್ತು ಸಲ ಸುಳ್ಳು ಹೇಳುತ್ತಿದ್ದರು: "ಇನ್ನೇನು ಬಂತು, ಆ ತಿರುವು ಅಷ್ಟೇ." ಒಮ್ಮೆ ದಶಾಶ್ವಮೇಧ ಘಾಟಿನಿಂದ ನಮ್ಮ ಮನೆಯವರೆಗೆ ಅವರ ತಂಡದ ಜೊತೆ ನಡೆದು ಎಣಿಸಿದೆ. "ಇನ್ನೇನು ಬಂತು" ಹದಿನಾಲ್ಕು ಸಲ. ನನಗೆ ಇಂಥದ್ದನ್ನೆಲ್ಲ ಬರೆದಿಡುವ ಅಭ್ಯಾಸ ಎಂಟನೇ ತರಗತಿಯಿಂದ ಇದೆ.

ಅವರಿಗೆ ಇನ್ನೊಂದು ಜಂಬವಿತ್ತು. ಯಾರಾದರೂ ಎರಡು ವಾಕ್ಯ ಕನ್ನಡ ಮಾತಾಡಿದರೆ ಸಾಕು, ಯಾವ ಜಿಲ್ಲೆ ಎಂದು ಹೇಳಿಬಿಡುತ್ತಿದ್ದರು. ಅವರ ತಾತನ ಕಾಲಕ್ಕೇ ಕುಟುಂಬ ಕಾಶಿಗೆ ಬಂದದ್ದು. ಆ ಜಿಲ್ಲೆಗಳಲ್ಲಿ ಒಂದನ್ನೂ ಅವರು ಕಂಡಿರಲಿಲ್ಲ.

ಎರಡು ವರ್ಷದ ಹಿಂದೆ, ಮಾರ್ಚ್ ತಿಂಗಳ ಎರಡನೇ ಮಂಗಳವಾರ, ನಾನು ಟ್ಯೂಷನ್ ಹೇಳಿದ ದುಡ್ಡಿನಲ್ಲಿ ಕೊಂಡ ಹಳೆಯ ಕಂಪ್ಯೂಟರಿನಲ್ಲಿ ಒಂದು ಆಟ ಹಾಕಿದೆ. ಅಂತರ್ಜಾಲದಲ್ಲಿ ನೂರು ಜನ ಎರಡು ಸೈನ್ಯವಾಗಿ ಕಾದಾಡುವ ಯುದ್ಧದ ಆಟ. ಒಂಬತ್ತು ಜನಕ್ಕೊಂದು ತುಕಡಿ. ತುಕಡಿಯವರು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಪರಸ್ಪರ ಮಾತಾಡಬಹುದು. ಯುದ್ಧವೆಂದರೆ ಓಡುವುದು, ಹೊಡೆಯುವುದು ಎಂದುಕೊಂಡಿದ್ದೆ. ಇಲ್ಲಿ ಹೆಚ್ಚಿನ ಹೊತ್ತು ನಡೆಯುವುದೇ. ಗೋಧಿ ಹೊಲ, ಮುರಿದ ಗೋಡೆ, ಒಂದು ಬಾವಿ, ಮತ್ತೆ ಹೊಲ. ಹತ್ತು ನಿಮಿಷ ನಡೆದು, ಒಂದು ಮರದ ಹಿಂದೆ ಕೂತು, ಹುಲ್ಲು ಅಲುಗುವುದನ್ನು ನೋಡುತ್ತಿರುವಾಗ ಎಲ್ಲಿಂದಲೋ ಒಂದು ಟಪ್. ಪರದೆ ಕಪ್ಪು. ಯಾರು ಹೊಡೆದರು, ಯಾವ ಕಡೆಯಿಂದ, ಏನೂ ತಿಳಿಯದು. ಮೊದಲ ದಿನದ ಲೆಕ್ಕ: ಆಟ ನಾಲ್ಕು, ಸತ್ತದ್ದು ಮೂವತ್ತೊಂದು ಸಲ, ಹೊಡೆದದ್ದು ಸೊನ್ನೆ. ಎರಡನೇ ದಿನ ಒಬ್ಬನನ್ನು ಹೊಡೆದೆ, ಅವನು ನಮ್ಮವನೇ. ಆದರೂ ಬಿಡಲಾಗಲಿಲ್ಲ. ಆ ಹೊಲದ ಮೇಲೆ ಸಂಜೆ ಬೆಳಕು ಬೀಳುವ ಬಗೆ, ದೂರದ ಗುಂಡಿನ ಸದ್ದು ಮೊದಲು ಮಂದವಾಗಿ ಕೇಳಿ ಆಮೇಲೆ ಹತ್ತಿರವಾಗುವುದು, ಇವೆಲ್ಲ ಹಿಡಿಸಿದ್ದವು.

ಯಾತ್ರೆ ಮಾವ ಮಧ್ಯಾಹ್ನ ಎರಡೂವರೆಗೆ ಅಮ್ಮನ ಕೈಯ ಚಹಾಕ್ಕೆ ಮೇಲೆ ಬರುತ್ತಿದ್ದರು. ಮೂರನೇ ದಿನ ಲೋಟ ಹಿಡಿದು ನನ್ನ ಹಿಂದೆ ನಿಂತರು.

"ಇದು ಯಾವ ಊರು ಬಿಟಿಯಾ?"

"ಊರಲ್ಲ ಮಾವ, ಆಟ. ಯುದ್ಧ."

"ಯುದ್ಧಕ್ಕೆ ಇಷ್ಟು ನಡೀಬೇಕಾ? ಇನ್ನೇನು ಬಂತು ಅನ್ನೋರು ಯಾರೂ ಇಲ್ವಾ?"

ಅಷ್ಟರಲ್ಲಿ ನಾನು ಸತ್ತೆ. ಅರ್ಧ ನಿಮಿಷದಲ್ಲಿ ಶಿಬಿರದಲ್ಲಿ ಮತ್ತೆ ಹುಟ್ಟಿ ಎದ್ದು ನಿಂತೆ. ಮಾವ ಚಹಾ ಕುಡಿಯುವುದನ್ನು ನಿಲ್ಲಿಸಿದರು.

"ಸತ್ತವಳು ಮತ್ತೆ ಹುಟ್ಟಿದೆಯಲ್ಲ! ಹಾಗಾದರೆ ಇದು ಕಾಶಿ ಅಲ್ಲ, ಖಂಡಿತ ಅಲ್ಲ." ಪರದೆಯ ಹತ್ತಿರ ಬಾಗಿ ಕೇಳಿದರು, "ನಿಮ್ಮವರು ಎಷ್ಟು ಮಂದಿ?"

"ಒಂಬತ್ತು."

"ಉಳಿದ ಎಂಟು ಎಲ್ಲಿ?"

ನಾನು ಅವರನ್ನು ನೋಡಿಯೇ ಇರಲಿಲ್ಲ.

ಆ ವಾರದ ಕೊನೆಗೆ ಒಂದು ಕನ್ನಡದ ತುಕಡಿ ಸಿಕ್ಕಿತು. ಎಲ್ಲರೂ ಸುಮಾರು ನನ್ನ ವಯಸ್ಸಿನವರು. ನಾಯಕ ಹುಬ್ಬಳ್ಳಿಯವನು. ಬಿದ್ದವರಿಗೆ ಚಿಕಿತ್ಸೆ ಮಾಡುವವಳು ಕುಂದಾಪುರದವಳು. ಮೆಷಿನ್ ಗನ್ ಹೊತ್ತವನು ಮಂಡ್ಯದವನು. ಒಂಬತ್ತನೇ ಜಾಗ ಖಾಲಿ ಇತ್ತು. ಅವರ ನಿಯಮ: ಹೊಸಬರು ಐದು ಆಟ ಆಡಬೇಕು, ಐದನೆಯದರಲ್ಲಿ ತುಕಡಿಯ ನಾಯಕತ್ವ ಹೊಸಬರದು, ಆಮೇಲೆ ಎಂಟು ಜನ ಮತ ಹಾಕುತ್ತಾರೆ.

ಆ ಜಾಗ ನನಗೆ ಬೇಕಾಗಿತ್ತು. ಅದಕ್ಕೆ ಕಾರಣ ಆಟವೊಂದೇ ಅಲ್ಲ. ನನಗೆ ಆಗ ಇಪ್ಪತ್ತು ವರ್ಷ. ಅಷ್ಟು ವರ್ಷದಲ್ಲಿ ನನ್ನ ವಯಸ್ಸಿನ ಒಬ್ಬರ ಜೊತೆಗೂ ನಾನು ಕನ್ನಡ ಮಾತಾಡಿರಲಿಲ್ಲ. ನನ್ನ ಕನ್ನಡವೆಲ್ಲ ಅಪ್ಪ, ಅಮ್ಮ, ಯಾತ್ರಿಕರಾಗಿ ಬರುವ ಅಜ್ಜಿಯರು. ಕಾಲೇಜು, ಗೆಳತಿಯರು, ಜಗಳ, ನಗು ಎಲ್ಲ ಹಿಂದಿ. ಮೊದಲ ಆಟದಲ್ಲಿ, "ಟ್ರಕ್ಕು ಪುಲ್ ಮೇಲಿದೆ, ರುಕ್ರಿ" ಎಂದೆ.

"ಏನಂದಿ? ಪುಲ್ ಅಂದ್ರ?" ಎಂದ ಹುಬ್ಬಳ್ಳಿಯವನು.

"ಅದೇ... ನೀರಿನ ಮೇಲೆ ಇರುತ್ತಲ್ಲ..."

"ಸೇತುವೆ ಮಾರಾಯ್ತಿ!" ಎಂದಳು ಕುಂದಾಪುರದವಳು. ಎಲ್ಲ ನಕ್ಕರು. ಅಂದಿನಿಂದ ನನಗೆ 'ಕಾಶಿ' ಎಂದೇ ಹೆಸರು. ನಾನು ಮಾತು ಕಡಿಮೆ ಮಾಡಿದೆ. ಮೂರನೇ ಆಟದಲ್ಲಿ ನಾನು ಒಟ್ಟು ಆಡಿದ್ದು ಏಳು ಮಾತು.

ಮಾವ ದಿನವೂ ಚಹಾ ಹೊತ್ತಿಗೆ ಕೂತು ಸ್ಪೀಕರಿನಲ್ಲಿ ಕೇಳುತ್ತಿದ್ದರು. "ನಗಲಿ ಬಿಡು. ನನ್ನ ಕನ್ನಡ ಕೇಳಿ ಮೂವತ್ತೈದು ವರ್ಷದಿಂದ ನಗ್ತಾ ಇದ್ದಾರೆ. ನಕ್ಕವರು ಯಾರೂ ದಾರಿ ತಪ್ಪಿಲ್ಲ." ಆಮೇಲೆ ತಮ್ಮ ವಿದ್ಯೆ ತೋರಿಸುತ್ತಿದ್ದರು. "ಈಗ ಬೈದನಲ್ಲ, ಅವನು ಹಾಸನ." ಅವನು ಬೀದರಿನವನಾಗಿದ್ದ. "ಹಾಗಾದರೆ ಅವನ ತಾಯಿ ಹಾಸನ," ಎಂದು ಎದ್ದು ಹೋದರು.

ನಾಲ್ಕನೇ ಆಟದ ಮಾರನೆಯ ದಿನ ನಡೆದದ್ದನ್ನು ನಾನು ಮೂರು ಪುಟ ಬರೆದಿದ್ದೇನೆ.

ಯಾತ್ರೆ ಮಾವ ಜನರನ್ನು ಎಣಿಸುತ್ತಿರಲಿಲ್ಲ. ಬೆರಳು ತೋರಿಸಿ ಮನುಷ್ಯರನ್ನು ಎಣಿಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂಬ ನಂಬಿಕೆ ಅವರದು. ಅದಕ್ಕೆ ಅವರು ಚಪ್ಪಲಿ ಎಣಿಸುತ್ತಿದ್ದರು. ಸ್ಟೇಷನ್ನಿನಲ್ಲಿ ಒಮ್ಮೆ, ದೋಣಿ ಹತ್ತುವಾಗ ಒಮ್ಮೆ, ಗುಡಿಯ ಹತ್ತಿರ ಹೂವಿನಂಗಡಿಯ ಮುಂದೆ ಬಿಟ್ಟಾಗ ಒಮ್ಮೆ. ಬೆಳಿಗ್ಗೆ ಎಷ್ಟು ಜೊತೆಯೋ ಕೊನೆಯವರೆಗೂ ಅಷ್ಟೇ ಇರಬೇಕು. ಕಾಗದದ ಪಟ್ಟಿಯನ್ನು ನಂಬುತ್ತಿರಲಿಲ್ಲ. "ಪಟ್ಟಿಯಲ್ಲಿ ಇರೋರು ಎಷ್ಟೋ ಸಲ ರೈಲೇ ಹತ್ತಿರಲ್ಲ. ಚಪ್ಪಲಿ ಬಂದಿದ್ದರೆ ಮನುಷ್ಯ ಬಂದಿದ್ದಾನೆ."

ಅಂದು ಗದಗದ ಕಡೆಯ ತಂಡ. ಬೆಳಿಗ್ಗೆಯಿಂದ ಇಪ್ಪತ್ತೆರಡು ಜೊತೆ, ಎಲ್ಲ ಕಡೆಯೂ ಸರಿ. ಮಧ್ಯಾಹ್ನ ಮಠದಲ್ಲಿ ಊಟ. ಅಡುಗೆಯವರು ಪಟ್ಟಿ ನೋಡಿ ಇಪ್ಪತ್ಮೂರು ಎಲೆ ಹಾಕಿದ್ದರು. ನಾನು ಅಮ್ಮನ ಜೊತೆ ಬಡಿಸುತ್ತಿದ್ದೆ. ಸಾಲಿನ ಕೊನೆಯಲ್ಲಿ ಒಂದು ಎಲೆ ಖಾಲಿ.

"ಇದು ಯಾರದು?" ಎಂದೆ.

ಪಕ್ಕದ ಹೆಂಗಸು ಅತ್ತಿತ್ತ ನೋಡಿ, "ಅಯ್ಯ, ನಮ್ಮ ದೊಡ್ಡವ್ವ ಎಲ್ಲಿ? ಬರಿಗಾಲಿನಾಕಿ!" ಎಂದಳು.

ಆ ದೊಡ್ಡವ್ವ ಹರಕೆ ಹೊತ್ತು ಮನೆಯಿಂದಲೇ ಬರಿಗಾಲಿನಲ್ಲಿ ಬಂದಿದ್ದಳು. ಅವಳಿಗೆ ಚಪ್ಪಲಿಯೇ ಇರಲಿಲ್ಲ. ಇಪ್ಪತ್ಮೂರು ಜನರ ತಂಡವನ್ನು ಮಾವ ಬೆಳಿಗ್ಗೆಯಿಂದ ಇಪ್ಪತ್ತೆರಡೆಂದೇ ನಡೆಸಿದ್ದರು, ಪ್ರತಿ ಸಲವೂ ಲೆಕ್ಕ ಸರಿಬಂದಿತ್ತು.

ಮಾವ ಕಲಸಿದ ಅನ್ನ ಎಲೆಯಲ್ಲೇ ಬಿಟ್ಟು ಎದ್ದರು. ನಾನೂ ಹಿಂದೆಯೇ ಓಡಿದೆ. ತಂಡ ಬಂದ ದಾರಿಯಲ್ಲೇ ಹಿಂದಕ್ಕೆ ನಡೆದೆವು. ಗಲ್ಲಿ, ಹೂವಿನಂಗಡಿ, ಘಾಟು. ಅರವತ್ತೆರಡರ ಮನುಷ್ಯ, ಒಂದು ಸಲವೂ ನಿಲ್ಲಲಿಲ್ಲ, ಒಂದು ಸಲವೂ "ಇನ್ನೇನು ಬಂತು" ಎನ್ನಲಿಲ್ಲ. ದೊಡ್ಡವ್ವ ಸಿಕ್ಕಿದ್ದು ಮಣಿಕರ್ಣಿಕಾ ಘಾಟಿನ ಮೇಲಿನ ಮೆಟ್ಟಿಲಲ್ಲಿ. ಸೌದೆ ರಾಶಿಯ ನೆರಳಿಗೆ ಕೂತು, ಕೆಳಗಿನ ಉರಿಯನ್ನು ನೋಡುತ್ತಾ, ನಿಶ್ಚಿಂತಳಾಗಿ ಎಲೆಯಡಿಕೆ ಹಾಕುತ್ತಿದ್ದಳು.

"ಬಂದ್ರೇನ್ರಿ? ತಪ್ಪಿಸಿಕೊಂಡ್ರ ನಿಂತಲ್ಲೇ ಕುಂಡ್ರಿ, ನಾ ಬರ್ತೀನಿ ಅಂದಿದ್ರಲ್ಲ ಮುಂಜಾನೆ. ಅದಕ್ಕ ಕುಂತೆ."

ಮಾವ ಅವಳ ಪಕ್ಕದ ಮೆಟ್ಟಿಲಲ್ಲಿ ಕುಸಿದು ಕೂತರು. ಅವಳ ಪಾದ ನೋಡಿದರು, ಎರಡೂ ಕೈ ಮುಗಿದರು. "ತಾಯಿ, ನೀವು ತಪ್ಪಿಸಿಕೊಂಡಿಲ್ಲ. ನಾನೇ ನಿಮ್ಮನ್ನ ಲೆಕ್ಕಕ್ಕೆ ತಗೊಂಡಿರಲಿಲ್ಲ."

"ಹೋಗ್ಲಿ ಬಿಡ್ರಿ, ಊಟಕ್ಕೇನೈತಿ?" ಎಂದಳು ದೊಡ್ಡವ್ವ.

ಮಾರನೆಯ ದಿನದಿಂದ ಅವರು ಕ್ರಮ ಬದಲಿಸಿದರು. ಸ್ಟೇಷನ್ನಿನಲ್ಲೇ ಎಲ್ಲರನ್ನೂ ಸುತ್ತ ನಿಲ್ಲಿಸಿ ಪ್ರತಿಯೊಬ್ಬರಿಗೂ ಒಬ್ಬರನ್ನು ಒಪ್ಪಿಸುವುದು, ಕೊನೆಯವರಿಗೆ ಮೊದಲನೆಯವರು. ದಾರಿಯಲ್ಲಿ ಒಂದೇ ಪ್ರಶ್ನೆ: "ನಿಮ್ಮವರು ಎಲ್ಲಿ?" ತಾನಿದ್ದೇನೆ ಎಂದು ಯಾರೂ ಹೇಳುವಂತಿಲ್ಲ, ತನಗೆ ಒಪ್ಪಿಸಿದವರ ಬಗ್ಗೆ ಹೇಳಬೇಕು. ಅರವತ್ತೆರಡನೇ ವಯಸ್ಸಿನಲ್ಲಿ, ಒಂದೇ ದಿನದಲ್ಲಿ, ಮೂವತ್ತೈದು ವರ್ಷದ ಪದ್ಧತಿಯನ್ನು ಬಿಟ್ಟವರನ್ನು ನಾನು ಬೇರೆ ನೋಡಿಲ್ಲ.

ಅದೇ ವಾರದ ಶನಿವಾರ ಮಧ್ಯಾಹ್ನ ನನ್ನ ಐದನೇ ಆಟ. ಮಾವ ಚಹಾಕ್ಕೆ ಮುಂಚೆಯೇ ಬಂದು ಕುರ್ಚಿ ಎಳೆದುಕೊಂಡರು. ಮಾವನ ಹಾಗೆಯೇ ನಾನು ಒಂಬತ್ತು ಜನರಲ್ಲಿ ಪ್ರತಿಯೊಬ್ಬರಿಗೂ ಒಬ್ಬರನ್ನು ಒಪ್ಪಿಸಿದೆ.

"ಏನವಾ ಕಾಶಿ, ಸಾಲಿ ಮಕ್ಕಳನ್ನ ಪಿಕ್ನಿಕ್ಕಿಗೆ ಕರಕೊಂಡ ಹೊಂಟೀಯೇನು?" ಎಂದ ಹುಬ್ಬಳ್ಳಿಯವನು. ಆದರೂ ನಿಯಮ ನಿಯಮವೇ, ಒಪ್ಪಿದರು.

ಮುಕ್ಕಾಲು ಗಂಟೆ ಚೆನ್ನಾಗಿಯೇ ಹೋಯಿತು. ಕೊನೆಯಲ್ಲಿ ನಾವು ಹಿಡಿದಿದ್ದ ಹಳ್ಳಿಯನ್ನು ಬಿಟ್ಟು, ಸೇತುವೆಯಾಚೆ ಹೋಗಿ ಸೇತುವೆಯನ್ನು ಕಾಯಬೇಕಾಯಿತು. ನಾನು ಟ್ರಕ್ಕಿನಲ್ಲಿ ಕೂತೆ. ಎಲ್ಲರೂ ಹತ್ತಿದ ಸದ್ದಾಯಿತು. ಸುತ್ತ ಹೊಗೆ.

"ಬಿಡು ಬಿಡು ಬಿಡು!" ಎಂದು ಮೂವರು ಕೂಗಿದರು.

"ನಿಮ್ಮವರು ಎಲ್ಲಿ?" ಎಂದೆ.

ಒಬ್ಬೊಬ್ಬರಾಗಿ ಉತ್ತರ ಬಂತು. ಕುಂದಾಪುರದವಳು ತಡವರಿಸಿದಳು. "ನನ್ನವ ಮಂಡ್ಯದವ ಅಲ್ದಾ... ಹ್ವಾಯ್, ಕಾಣ್ತಿಲ್ಲ ಮಾರಾಯ್ತಿ."

ಮಂಡ್ಯದವನ ಮೈಕು ಕೆಟ್ಟಿತ್ತೆಂದು ಆಮೇಲೆ ತಿಳಿಯಿತು. ಬಾವಿಯ ಹಿಂದೆ ಗುಂಡು ತಗಲಿ ಬಿದ್ದಿದ್ದ, ಕರೆಯಲೂ ಆಗುತ್ತಿರಲಿಲ್ಲ.

"ಬಿಡವಾ, ಮತ್ತ ಹುಟ್ಟಿ ಬರ್ತಾನ! ಸೇತುವೆ ಹೋಗ್ತದ!"

ಹುಬ್ಬಳ್ಳಿಯವನ ಮಾತು ಸರಿಯಾಗಿಯೇ ಇತ್ತು. ಆಟದ ಲೆಕ್ಕದಲ್ಲಿ ಒಬ್ಬನಿಗಿಂತ ಸೇತುವೆ ದೊಡ್ಡದು. ಮತ ಹಾಕುವವರು ಇವರೇ ಎಂಬುದೂ ನನಗೆ ನೆನಪಿತ್ತು. ಮಾವನ ಕಡೆ ನೋಡಿದೆ. ಅವರು ಲೋಟದಲ್ಲಿ ಚಹಾ ಮುಗಿದಿದ್ದರೂ ಊದುತ್ತಿದ್ದರು.

"ಇಳೀರಿ. ಕೊನೆಗೆ ಅವನು ಕಂಡದ್ದು ಬಾವಿ ಹತ್ತಿರ, ಅದರ ಹಿಂದೆ ನೋಡಿ," ಎಂದೆ. "ಅವನು ಬಾರದೆ ಗಾಡಿ ಬಿಡಲ್ಲ."

ಅವನನ್ನು ಎಬ್ಬಿಸಿ ತರುವಾಗ ಇನ್ನಿಬ್ಬರು ಬಿದ್ದರು. ಅವರನ್ನೂ ಎಬ್ಬಿಸಿದೆವು. ನಾಲ್ಕು ನಿಮಿಷ ಹತ್ತು ಸೆಕೆಂಡು. ಒಂಬತ್ತೂ ಜನ ಟ್ರಕ್ಕಿನಲ್ಲಿ ಸೇತುವೆಗೆ ಬಂದಾಗ ಅದು ಶತ್ರುವಿನ ಕೈಯಲ್ಲಿತ್ತು. ಸೋತೆವು.

ಹುಬ್ಬಳ್ಳಿಯವನು, "ಪಕ್ಕಾ ಗೆಲ್ಲೂ ಆಟ ಸೋಲಿಸಿದಿ ನೋಡವಾ," ಎಂದ.

ಖರ್‌ಖರ್ ಸದ್ದಿನೊಂದಿಗೆ ಮಂಡ್ಯದವನ ಮೈಕು ಜೀವ ಪಡೆಯಿತು. "ಲೇ, ನನ್ ಓಟು ಈವಮ್ಮನಿಗೇ ಕಣ್ರಲಾ. ಎರಡು ವರ್ಷದಿಂದ ಆಡ್ತಿವ್ನಿ, ಒಬ್ಬ ನನ್ಮಗನೂ ನನ್ನ ಹುಡುಕ್ಕೊಂಡು ಬಂದಿರ್ನಿಲ್ಲ."

"ನಂದೂ," ಎಂದಳು ಕುಂದಾಪುರದವಳು. ಆಮೇಲೆ ಉಳಿದವರು. ಒಟ್ಟು ಏಳು. ಹುಬ್ಬಳ್ಳಿಯವನು ಕೊನೆಯವನು. "ನಾಯಕಿ ಅಂತೂ ಮಾಡೂದಿಲ್ಲ, ಮುಳುಗಿಸಿಬಿಡ್ತಿ. ಆದ್ರ ನಾಳಿಯಿಂದ ಟ್ರಕ್ ನಿಂದು. ಆತೇನು?"

ನಾನು ಉತ್ತರಿಸುವ ಮೊದಲೇ ಮಾವ ಮುಂದೆ ಬಾಗಿ ಮೈಕಿಗೆ ಬಾಯಿ ಹತ್ತಿರ ತಂದು, ಪಕ್ಕಾ ಹುಬ್ಬಳ್ಳಿ ಕನ್ನಡದಲ್ಲಿ ಹೇಳಿದರು: "ಆತ್ರೀ ಯಪ್ಪಾ. ಆಕಿ ಒಪ್ಪ್ಯಾಳ. ಈಗ ಚಹಾಕ್ಕ ಬಿಡ್ರಿ."

"ಯಾರವಾ ಇವ್ರು?" ಎಂದು ಎಂಟೂ ಜನ ಒಟ್ಟಿಗೆ ಕೇಳಿದರು.

ಅಂದಿನಿಂದ ಅವರೂ ತುಕಡಿಯ ಭಾಗವಾದಂತಾಯಿತು. ಕುಂದಾಪುರದವಳ ತಾಯಿಯ ಜ್ವರ, ಮಂಡ್ಯದವನ ಪರೀಕ್ಷೆ, ಎಲ್ಲ ಅವರಿಗೆ ಬೇಕು. ನನ್ನ ಮಾತೂ ಹರಿಯತೊಡಗಿತು. ಅಲ್ಲಿಯವರೆಗೆ ನನ್ನ ದಿನಚರಿ ಹಿಂದಿಯಲ್ಲಿತ್ತು. ಆ ಶನಿವಾರದ ಪುಟದಿಂದ ಕನ್ನಡದಲ್ಲಿದೆ.

ಕಳೆದ ಜನವರಿಯ ಮೂರನೇ ವಾರ, ಒಂದು ತಂಡವನ್ನು ರೈಲು ಹತ್ತಿಸಿ ಬಂದು ಮಲಗಿದ ಮಾವ ಬೆಳಿಗ್ಗೆ ಏಳಲಿಲ್ಲ. ಮುಖದಲ್ಲಿ ನೋವಿರಲಿಲ್ಲ. ಕರ್ಮವನ್ನೆಲ್ಲ ಅಪ್ಪ ಮಾಡಿದರು. ಗಲ್ಲಿಯ ಅಂಗಡಿಗಳು ಮಧ್ಯಾಹ್ನದವರೆಗೆ ಮುಚ್ಚಿದ್ದವು.

ಹದಿನಾಲ್ಕನೇ ದಿನ ನಾನು ಮತ್ತೆ ಆಟಕ್ಕೆ ಕೂತೆ. ಗೋಧಿ ಹೊಲದಲ್ಲಿ ನಡೆಯುತ್ತಿದ್ದೆವು. "ಕಾಶಿ, ಮಾವ ಯಾಕ ಸುಮ್ಮನದಾರ ಇವತ್ತು?" ಎಂದ ಹುಬ್ಬಳ್ಳಿಯವನು. ಹೇಳಿದೆ. ಒಂದು ಮಾತಿಗೂ ತಡಕಾಡಲಿಲ್ಲ. ನಾವೆಲ್ಲ ನಿಂತುಬಿಟ್ಟಿದ್ದೆವು, ಯಾರೂ ಮುಂದೆ ಹೋಗಲಿಲ್ಲ. ದೂರದಲ್ಲಿ ಗುಂಡಿನ ಸದ್ದು ಮಂದವಾಗಿ ಕೇಳುತ್ತಿತ್ತು.

"ಕೂತ್ಕೊಳ್ಳಿ ಎಲ್ಲ," ಎಂದ ಮಂಡ್ಯದವನು. ಒಂಬತ್ತು ಜನ ಹುಲ್ಲಿನಲ್ಲಿ ಕೂತೆವು.

"ಹೇಳವಾ," ಎಂದ ಹುಬ್ಬಳ್ಳಿಯವನು. "ನಾವು ಅವರ ಧ್ವನಿ ಅಷ್ಟ ಕೇಳೀವಿ. ನೋಡಾಕ ಹೆಂಗಿದ್ರು?"

ನಾನು ಹೇಳತೊಡಗಿದೆ.