ನಿಧಿಯ ತುಟಿ ಒಡೆದ ಬೇಸಿಗೆ

ಆ ದಿನಗಳಲ್ಲಿ ಅಮೆರಿಕದ ಯೂನಿಯನ್ ಸಿಟಿಯ ನಮ್ಮ ಓರಗೆಯ ಹುಡುಗಿಯರು ಜಗಳವಾಡುತ್ತಿರಲಿಲ್ಲ, ಘೋಸ್ಟ್ ಮಾಡುತ್ತಿದ್ದರು. ಮೆಸೇಜು ಓದುತ್ತಾರೆ, ಉತ್ತರ ಕೊಡುವುದಿಲ್ಲ. ಎದುರಿಗೆ ಸಿಕ್ಕರೂ ನೀವು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ದಾಟಿಹೋಗುತ್ತಾರೆ. ನಾನೋ ಧಾರವಾಡದ ಶಾಲೆಯಲ್ಲಿ ಜುಟ್ಟು ಹಿಡಿದು ಜಗಳವಾಡಿ ಬೆಳೆದವಳು, ಐದನೇ ಕ್ಲಾಸು ಮುಗಿಸಿ ಅಪ್ಪನ ಕೆಲಸದ ಹಿಂದೆ ಅಲ್ಲಿಗೆ ಹೋದವಳು. ಈ ತಣ್ಣಗಿನ ಹಿಂಸೆ ನನಗೆ ಹೊಸದು.

ನನ್ನನ್ನು ಘೋಸ್ಟ್ ಮಾಡಿದವಳು ಅಲ್ಲೇ ನೆಲೆಸಿದ್ದ ಮಂಡ್ಯದ ಅಂಕಲ್ ಒಬ್ಬರ ಮಗಳು ನಿಧಿ, ನನಗಿದ್ದ ಒಬ್ಬಳೇ ಗೆಳತಿ. ರಜೆ ಶುರುವಾದ ಭಾನುವಾರ ನಮ್ಮಜ್ಜಿ ಇಬ್ಬರನ್ನೂ ಬಾಲ್ಕನಿಯಲ್ಲಿ ಕೂರಿಸಿ, ತಲೆಗೆ ಕೊಬ್ಬರಿ ಎಣ್ಣೆ ತಟ್ಟಿ, ಬಿಗಿಯಾಗಿ ಎರಡೆರಡು ಜಡೆ ಹೆಣೆದಿದ್ದಳು. ನಾನು ನಿಧಿಯ ಫೋಟೋ ತೆಗೆದಿದ್ದೆ. ಮಾರನೆಯ ದಿನದಿಂದ ಅವಳ ಮಾತಿಲ್ಲ. ಬೇಸಿಗೆಯೆಲ್ಲ ಫೋನು ಹಿಡಿದು ಕೂತೆ. ಊಟ ಸೇರುತ್ತಿರಲಿಲ್ಲ.

"ಆಕಿ ಟೂ ಬಿಟ್ಟಾಳೇನ?" ಅಜ್ಜಿ ಕೇಳಿದಳು.

"ಇಲ್ಲಜ್ಜಿ. ಏನೂ ಹೇಳೇ ಇಲ್ಲ."

"ಟೂ ಬಿಡೂದಾದ್ರ ಮಾರಿ ನೋಡಿ, ಕಿರುಬೆರಳ ತೋರಿಸಿ ಬಿಡಬೇಕವ್ವಾ. ಇದ್ಯಾವ ಪದ್ಧತಿ?"

ಶಾಲೆ ಶುರುವಾಗುವ ಮುಂಚಿನ ಶನಿವಾರ ನಿಧಿಯ ಮನೆಯಲ್ಲಿ ಎಲ್ಲರೂ ಒಂದೊಂದು ಅಡುಗೆ ಮಾಡಿ ತರುವ ಪಾಟ್‌ಲಕ್ ಊಟ. ದೊಡ್ಡವರು ಒಳಗೆ, ಮಕ್ಕಳು ಗರಾಜಿನಲ್ಲಿ. ಒಳಗಿನಿಂದ ಬಿಸಿಬೇಳೆಬಾತಿನ ಘಮ, ಇಲ್ಲಿ ಹಳೆಯ ಟೈರುಗಳ ವಾಸನೆ. ನಾನು ನೇರ ಹೋಗಿ ಅವಳೆದುರು ನಿಂತು "ನಿಧಿ" ಅಂದೆ. ಅವಳು ನನ್ನ ಭುಜದಾಚೆಗಿದ್ದ ಹುಡುಗಿಯನ್ನು ನೋಡಿ, "ಪಾಸ್ ದ ಚಿಪ್ಸ್" ಅಂದಳು.

ಚಿಪ್ಸು ನಾನೇ ಕೊಟ್ಟೆ, ಸ್ಟೀಲು ತಟ್ಟೆಯ ಸಮೇತ ಮುಖಕ್ಕೆ. ಅವಳ ತುಟಿ ಒಡೆಯಿತು. ಅವಳು ನನ್ನ ಜಡೆಗೆ ಕೈಹಾಕಿ ಎಳೆದಳು. ಇಬ್ಬರೂ ಸಿಮೆಂಟಿನ ನೆಲಕ್ಕೆ ಬಿದ್ದೆವು, ಗೋಡೆಗೆ ಒರಗಿಸಿದ್ದ ಸೈಕಲ್ಲು ನಮ್ಮ ಮೇಲೆ ಬಿತ್ತು. ನಾನು ಅವಳೆದೆಯ ಮೇಲೆ ಕೂತು ಗುದ್ದಿದೆ. ಅವಳು ನನ್ನ ಮುಂಗೈಯನ್ನು ಹಲ್ಲು ಇಳಿಯುವ ಹಾಗೆ ಕಚ್ಚಿದಳು. ಉಳಿದ ಮಕ್ಕಳು ಫೋನೆತ್ತಿ ವಿಡಿಯೋ ಮಾಡುತ್ತಿದ್ದರು, ಬಿಡಿಸಲು ಒಂದು ನರಪಿಳ್ಳೆಯೂ ಬರಲಿಲ್ಲ.

"ಯೂ ಪೋಸ್ಟೆಡ್ ಇಟ್!" ರಕ್ತ ಉಗುಳುತ್ತ ನಿಧಿ ಕಿರುಚಿದಳು. "ನನ್ನ ಎಣ್ಣೆ ತಲೆ ಫೋಟೋ! ಗ್ರೂಪಲ್ಲಿ ಎಲ್ಲಾರೂ ನನ್ನ ರೋಸ್ಟ್ ಮಾಡಿದ್ರು!"

ರೋಸ್ಟ್ ಅಂದರೆ ಹತ್ತು ಜನ ಸೇರಿ ಒಬ್ಬರನ್ನು ಹಂಗಿಸಿ ನಗುವ ಆಟ. ಆ ಭಾನುವಾರ ರಾತ್ರಿ ನಮ್ಮ ಓರಗೆಯವರ ಗ್ರೂಪಿನಲ್ಲಿ ಫೋಟೋ ಹಾಕಿ ನಾನು ಮಲಗಿಬಿಟ್ಟಿದ್ದೆ. ಆಮೇಲೆ ನಿಧಿಯ ಮೆಸೇಜಿಗಷ್ಟೇ ಕಾಯುತ್ತ ಆ ಗ್ರೂಪನ್ನು ತೆರೆದೇ ಇರಲಿಲ್ಲ, ಅಲ್ಲಿ ನಡೆದದ್ದು ನನಗೆ ಗೊತ್ತೇ ಇರಲಿಲ್ಲ.

"ಚಂದ ಕಾಣಸ್ತಿದ್ದಿ, ಅದಕ್ಕ ಹಾಕೀನಿ!" ಗುದ್ದುತ್ತಲೇ ನಾನೂ ಕಿರುಚಿದೆ.

ಅವಳ ಕೈ ಸಡಿಲವಾಯಿತು. "ರಿಯಲಿ?" ಅಂದಳು.

ಇಬ್ಬರೂ ಗೋಳೋ ಎಂದು ಅತ್ತೆವು. ಅಮ್ಮಂದಿರು ಓಡಿಬಂದರು. ನನಗೆ ಅಮ್ಮನಿಂದ ಕೆನ್ನೆಗೆರಡು, ಡಾಕ್ಟರಿಂದ ಒಂದು ಇಂಜೆಕ್ಷನ್ನು. ಮರುದಿನ ಬೆಳಿಗ್ಗೆ ನಿಧಿ ತುಟಿ ಊದಿಸಿಕೊಂಡು ನಮ್ಮ ಮನೆಗೆ ಬಂದಳು.

"ಕೈ ನೋಯ್ತಿದ್ಯಾ?"

"ಹೂಂ."

"ಗುಡ್," ಎಂದು ನಕ್ಕಳು. ತುಟಿಯಿಂದ ಮತ್ತೆ ರಕ್ತ ಬಂತು. ನನಗೆ ಅಷ್ಟು ಸಂತೋಷ ಆ ದೇಶದಲ್ಲಿ ಅದುವರೆಗೆ ಆಗಿರಲಿಲ್ಲ.

ಹೈಸ್ಕೂಲು ಮುಗಿಯುವವರೆಗೂ ನಾವು ಎರಡು ದೇಹ ಒಂದು ಜೀವ. ಆಮೇಲೆ ಅವಳು ಓದಲು ಬರ್ಕ್ಲಿಗೆ ಹೋದಳು. ಮೆಸೇಜಿಗೆ ಉತ್ತರ ವಾರಕ್ಕೊಂದಾಯಿತು, ತಿಂಗಳಿಗೊಂದಾಯಿತು, ನಿಂತೇ ಹೋಯಿತು. ತಡೆಯಲಾರದೆ ಒಂದು ಸಂಜೆ ಅವಳ ಅಪಾರ್ಟ್‌ಮೆಂಟಿಗೇ ಹೋದೆ. ನಿಧಿ ಬಾಗಿಲು ತೆರೆದು, ಚೆನ್ನಾಗಿ ನಕ್ಕು, ಅಪ್ಪಿಕೊಂಡಳು. "ಸಾರಿ ಕಣೇ, ತುಂಬಾ ಬ್ಯುಸಿ. ಟೆಕ್ಸ್ಟ್ ಮಾಡ್ತೀನಿ, ಓಕೆ?" ಅಂದಳು. ಒಳಗೆ ಕರೆಯಲಿಲ್ಲ. ನನ್ನ ಮುಷ್ಟಿ ತಾನಾಗಿ ಬಿಗಿಯಿತು. ಆದರೆ ಅವಳಿಗೆ ಹೊಡೆಯುವ ಹಕ್ಕು ನನಗೆ ಉಳಿದಿರಲಿಲ್ಲ. "ಓಕೆ" ಎಂದು ಮೆಟ್ಟಿಲಿಳಿದೆ.